ಎಂಜಲಲ್ಲಿ ಸೇನಾಪತಿ

ಬೀದರ್ ಜಿಲ್ಲೆಯ ಯಾವ ಮನೆಯ ಕಟ್ಟೆಯ ಮೇಲೆ ಕೂತು ವಿಚಾರಿಸಿದರೂ ಆ ಮನೆತನದ ಮೂಲಪುರುಷ ಕುದುರೆಯ ಮೇಲೆಯೇ ಬಂದಿರುತ್ತಾನೆ. ನಡೆದು ಬಂದವರ ಸಂತಾನ ನಮ್ಮಲ್ಲಿ ಪೂರ್ತಿ ಅಳಿದುಹೋಗಿರಬೇಕು. ಬಸವಕಲ್ಯಾಣದ ಕಡೆ ಹೋದರೆ ಎಲ್ಲರೂ ಚಾಲುಕ್ಯರ ದಂಡಿನವರು. ಬೀದರಿನ ಹಳೇ ಶಹರದಲ್ಲಿ ಇರಾನಿಗಿಂತ ಈಚೆಯಿಂದ ಬಂದವರು ಸಿಗುವುದಿಲ್ಲ. ಔರಾದ್ ಕಡೆ ಚಿತ್ತೋಡದ ಹೆಸರು ಕೇಳಿಬರುತ್ತದೆ. ನಡುವೆ ಸಿಕ್ಕಿಕೊಂಡ ಭಾಲ್ಕಿಯವರು ನಾವು, ಕೇಳುವವರ ಮೋರೆ ನೋಡಿಕೊಂಡು ಇವುಗಳಲ್ಲಿ ಒಂದನ್ನು ಹೇಳುತ್ತೇವೆ.

ಹಾಗಂತ ಇದು ಪೂರ್ತಿ ಬುರುಡೆಯೂ ಅಲ್ಲ. ಬಹಮನಿ ಅಹ್ಮದ್ ಶಹಾ 1430ರ ಆಸುಪಾಸಿನಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಎತ್ತಿ ಬೀದರಿಗೆ ತಂದ ಮೇಲೆ ಇಲ್ಲಿಗೆ ಬಂದವರಿಗೆ ಲೆಕ್ಕವಿಲ್ಲ. ಇರಾನಿನ ಕಿರ್ಮಾನ್ ಕಡೆಯಿಂದ ಸೂಫಿ ಮನೆತನ ಬಂತು, ಅವರ ಚೌಖಂಡಿ ಅಷ್ಟೂರಿನ ದಾರಿಯಲ್ಲಿ ಈಗಲೂ ನಿಂತಿದೆ. ಅದೇ ಇರಾನಿನ ಗಿಲಾನಿನಿಂದ ಮಹಮೂದ್ ಗಾವಾನ್ ಬಂದು ಬಹಮನಿಗಳ ವಜೀರನಾದ. ಆಫ್ರಿಕಾದಿಂದ ಹಬ್ಶಿಗಳು ಬಂದರು, ಅವರ ಗೋರಿಗಳಿರುವ ದಿಬ್ಬಕ್ಕೆ ಹಬ್ಶಿ ಕೋಟ್ ಎಂದೇ ಹೆಸರು. ರಷ್ಯದ ಟ್ವೆರ್ ಊರಿನಿಂದ ಅಫಾನಾಸಿ ನಿಕಿತಿನ್ ಎಂಬ ವರ್ತಕ ಬಂದ. ಕುದುರೆಯೊಡನೆ ಬೀದರಿಗೆ ಬಂದದ್ದನ್ನು ಸ್ವಂತ ಕೈಯಿಂದ ಬರೆದಿಟ್ಟವನು ಅವನೇ. ಆತ ಕುದುರೆಯನ್ನು ಇಲ್ಲೇ ಮಾರಿ ತನ್ನ ದಾರಿ ಹಿಡಿದು ಹೋದ. ನಮ್ಮ ಮೂಲಪುರುಷರೆಲ್ಲ ಸರದಿಯಲ್ಲಿ ಹತ್ತಿದ್ದು ಅದೇ ಕುದುರೆ ಇರಬೇಕೆಂದು ನನ್ನ ಅನುಮಾನ.

ನಮ್ಮ ಮನೆತನದ ಮೂಲಪುರುಷ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಸೇನಾಪತಿ. ಇದನ್ನು ಹೇಳುವವರು ಭಾಲ್ಕಿಯ ನಮ್ಮ ಕಾಕಾ. ವಿಕ್ರಮಾದಿತ್ಯ ಪಟ್ಟಕ್ಕೆ ಬಂದದ್ದು 1076ರಲ್ಲಿ, ಕಾಕಾ ಮಾತಾಡುವುದು ಕೇಳಿದರೆ ಮೊನ್ನೆ ಪಂಚಮಿಗೆ ಎನ್ನಿಸುತ್ತದೆ. ಪುರಾವೆ ಅಟ್ಟದ ಮೇಲಿದೆ. ಅದನ್ನು ಕಾಕಾ ಖಡ್ಗ ಅನ್ನುತ್ತಾರೆ, ಕಾಕು ಕಬ್ಬು ಕಡಿಯುವ ಕೊಯ್ತಾ ಅನ್ನುತ್ತಾರೆ. ದಸರೆಗೆ ಅದಕ್ಕೆ ಕುಂಕುಮ ಹಚ್ಚುತ್ತೇವೆ, ಮರುದಿನ ಅದರಿಂದಲೇ ತೆಂಗಿನಕಾಯಿ ಸುಲಿಯುತ್ತೇವೆ.

ಈ ಚರಿತ್ರೆಗೆ ವಿರುದ್ಧವಾಗಿ ಒಬ್ಬನೇ ಒಬ್ಬ ಸಾಕ್ಷಿಯಿದ್ದ. ನಾನು ಸಣ್ಣವನಿದ್ದಾಗ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬರುತ್ತಿದ್ದ ಹೆಳವ. ಗಂಟೆ ಬಾರಿಸಿ, ಬಟ್ಟೆಯಲ್ಲಿ ಸುತ್ತಿದ ಹೊತ್ತಿಗೆ ಬಿಚ್ಚಿ, ನಮ್ಮ ಬೆಡಗು ಹೇಳಿ, ಪೂರ್ವಿಕರನ್ನು ಒಬ್ಬೊಬ್ಬರನ್ನಾಗಿ ಅಂಗಳಕ್ಕೆ ಇಳಿಸುತ್ತಿದ್ದ. ಅವನ ಪ್ರಕಾರ ನಮ್ಮವರು ಮಂಗಳವೇಢೆಯ ಕಡೆಯವರು. ಬರಗಾಲ ಬಿತ್ತು. ಜೋಡಿ ಎತ್ತಿನಲ್ಲಿ ಒಂದು ಸತ್ತಿತು, ಇನ್ನೊಂದನ್ನು ಸಾಹುಕಾರ ಬಿಚ್ಚಿಕೊಂಡು ಹೋದ. ಉಳಿದ ಸಾಲಕ್ಕೆ ಹೆದರಿ, ಹೆಂಡತಿಯನ್ನೂ ಹೆಂಡತಿಯ ತಾಯಿಯನ್ನೂ ಕಟ್ಟಿಕೊಂಡು ಅಮಾವಾಸ್ಯೆಯ ರಾತ್ರಿ ಊರು ಬಿಟ್ಟ ಒಬ್ಬ ಮುತ್ಯಾ ನಮ್ಮ ಮೂಲಪುರುಷ. ಅದನ್ನು ಕೇಳಿದ ವರ್ಷ ಕಾಕಾ ಹೆಳವನಿಗೆ ಜೋಳ ಅಳೆಯುವಾಗ ಸೇರಿನ ತಲೆ ಸವರಿ ಅಳೆದರು. ಮರುವರ್ಷ ಅವನು ಸಾಲದ ಭಾಗ ಬಿಟ್ಟು ಓದಿದ, ಸೇರು ತುಂಬಿ ಬಂತು. ಅದರ ಮರುವರ್ಷ ಅತ್ತೆಯನ್ನೂ ಕೈಬಿಟ್ಟ, ಅರ್ಧ ಚೀಲ ಹೆಚ್ಚೇ ಹೋಯಿತು. ಇನ್ನೊಂದೆರಡು ಸುಗ್ಗಿ ಬಂದಿದ್ದರೆ ಸತ್ತ ಎತ್ತು ಎದ್ದು ಕುದುರೆಯಾಗುತ್ತಿತ್ತು.

ನಾನು ಬೀದರಿನಲ್ಲಿ ಹುಡುಗರಿಗೆ ಇತಿಹಾಸ ಹೇಳಿ ನಿವೃತ್ತನಾದವನು. ಪಿಂಚಣಿದಾರನಿಗೆ ಬೆಳಗ್ಗೆ ಪೇಪರ್ ಮುಗಿದ ಮೇಲೆ ರಾತ್ರಿಯ ತನಕ ಬೇರೆ ಉದ್ಯೋಗವಿಲ್ಲ. ಹಾಗಾಗಿ ಡಿಎನ್‌ಎ ಓದಲು ಶುರುಮಾಡಿದೆ. ಇಂಥ ಓದಿನ ದೊಡ್ಡ ಕೇಂದ್ರ ನಮಗೆ ದೂರವೂ ಅಲ್ಲ, ಹೈದರಾಬಾದಿನ ಸಿಸಿಎಂಬಿ, ಬಸ್ಸಿಗೆ ಮೂರು ತಾಸಿನ ಹಾದಿ. ಅಲ್ಲಿನ ಲಾಲ್‌ಜಿ ಸಿಂಗ್, ತಂಗರಾಜ್ ಅವರು ಹಾರ್ವರ್ಡಿನ ಡೇವಿಡ್ ರೈಕ್ ಮುಂತಾದವರ ಜೊತೆ ಸೇರಿ 2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ಇವತ್ತಿನ ಭಾರತೀಯರಲ್ಲಿ ಬಹುಪಾಲು ಎಲ್ಲರೂ ಎರಡು ಹಳೆಯ ಜನಸಮೂಹಗಳ ಬೆರಕೆ, ಒಂದನ್ನು ಪೂರ್ವಜ ಉತ್ತರ ಭಾರತೀಯ, ಇನ್ನೊಂದನ್ನು ಪೂರ್ವಜ ದಕ್ಷಿಣ ಭಾರತೀಯ ಎನ್ನಬಹುದು ಎಂದರು. ಈ ಬೆರಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ನಡೆಯಿತು, ಆಮೇಲೆ ಜನ ತಮ್ಮ ತಮ್ಮೊಳಗೇ ಮದುವೆಯಾಗತೊಡಗಿದರು ಎಂಬುದು 2013ರ ಲೆಕ್ಕ. ಇಷ್ಟು ಓದಿದ್ದೇ ತಡ, ನನ್ನ ನಾಲಿಗೆ ನೆಟ್ಟಗಿರಲಿಲ್ಲ. ಭಾಲ್ಕಿಗೆ ಹೋಗಿ ಕಾಕಾನ ಮುಂದೆ, “ಡಿಎನ್‌ಎ ಸುಳ್ಳು ಹೇಳಂಗಿಲ್ಲ ಕಾಕಾ, ಸೇನಾಪತಿ ಇದ್ರ ಇದ್ದಾನ ಅಂತದ, ಇಲ್ಲಂದ್ರ ಇಲ್ಲ ಅಂತದ” ಎಂದೆ.

“ತರಿಸು ಹಂಗಾದ್ರ,” ಎಂದರು ಕಾಕಾ. “ರೊಕ್ಕ ನೀ ಕೊಡು.”

ಪೂರ್ವಜರನ್ನು ತೋರಿಸಿಕೊಡುವ ಒಂದು ಕಂಪನಿ ಒಂದರ ಜೊತೆ ಇನ್ನೊಂದು ಅರ್ಧ ಬೆಲೆಗೆ ಎಂದಿತ್ತು. ಎರಡು ತರಿಸಿದೆ. ಒಂದು ಕಾಕಾಗೆ, ಒಂದು ನನ್ನ ಮನೆಯವಳಿಗೆ ಎಂದು ನನ್ನ ಯೋಜನೆ. ವೈ ಕ್ರೋಮೋಸೋಮು ತಂದೆಯಿಂದ ಮಗನಿಗೆ ಹಾಗೇ ಇಳಿದು ಬರುವುದರಿಂದ ಕಾಕಾ ಆದರೂ ಒಂದೇ, ನಾನಾದರೂ ಒಂದೇ. ಆದರೆ ಸೇನಾಪತಿ ಹಿರಿಯರ ಬಾಯಲ್ಲಿಯೇ ಇರತಕ್ಕದ್ದೆಂದು ಕಾಕಾ ಹಟ ಹಿಡಿದರು.

ಪೆಟ್ಟಿಗೆಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ನಳಿಗೆ, ಅದರ ಮೇಲೊಂದು ಗೆರೆ. ಗೆರೆಯ ತನಕ ಎಂಜಲು ತುಂಬಬೇಕು, ನೊರೆ ಲೆಕ್ಕಕ್ಕಿಲ್ಲ. ಅದಕ್ಕೂ ಮೊದಲು ಅರ್ಧ ತಾಸು ಏನೂ ತಿನ್ನಬಾರದು, ಕುಡಿಯಬಾರದು, ಅಗಿಯಬಾರದು. ಕೊನೆಯ ಶಬ್ದ ಓದುತ್ತಿದ್ದಂತೆ ಕಾಕಾ ನನ್ನನ್ನು ನೋಡಿದರು. ಅವರ ಎಡದವಡೆಯಲ್ಲಿ ಸುಣ್ಣ ತಿಕ್ಕಿದ ತಂಬಾಕು ನಾನು ಹುಟ್ಟುವುದಕ್ಕೂ ಮೊದಲಿನಿಂದ ವಾಸವಾಗಿದೆ. ಹೊರಗೆ ಉಗುಳಿ, ಬಾಯಿ ಮುಕ್ಕಳಿಸಿ, ಕಟ್ಟೆಯ ಮೇಲೆ ಕೂತರು. ಹತ್ತು ಮಿನಿಟಿಗೆ ಕೈ ನಡುಗಿತು, ಹದಿನೈದಕ್ಕೆ ಎದ್ದು ಹಿತ್ತಲಿಗೆ ಹೋದರು. ಬಂದಾಗ ದವಡೆ ಮತ್ತೆ ಉಬ್ಬಿತ್ತು. “ನಿಂದೇ ಕೊಡು, ರಕ್ತ ಒಂದೇ ಅಲ್ಲ?” ಎಂದು ಮೋರೆ ತಿರುಗಿಸಿದರು.

ನನ್ನ ಸರದಿ ಬರುವಷ್ಟರಲ್ಲಿ ಓಣಿಯ ಅರ್ಧ ಜನ ಸೇರಿದ್ದರು. ಜೀವಮಾನವಿಡೀ ಪಾಠ ಹೇಳುತ್ತ ಮುಂದಿನ ಬೆಂಚಿನವರ ಮೇಲೆ ಎಂಜಲು ಸಿಡಿಸಿದ ಬಾಯಿ ಬೇಕಾದ ಹೊತ್ತಿಗೆ ಒಣಗಿ ಹಪ್ಪಳವಾಯಿತು. ನಳಿಗೆಯ ತಳದಲ್ಲಿ ಬರೀ ನೊರೆ. ಕಾಕು ಒಳಗಿನಿಂದ ಮಾವಿನ ಉಪ್ಪಿನಕಾಯಿ ಭರಣಿ ತಂದು ಮುಚ್ಚಳ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದರು. “ತಿನ್‌ಬ್ಯಾಡ, ವಾಸನಿ ಅಷ್ಟೇ ತಗೋ” ಎಂದರು. ಅದು ಫಲಿಸಿತು. ಪಕ್ಕದ ಮನೆಯ ಮುದುಕಿ ಮಾತ್ರ, “ಯಾರಿಗಿ ಮಾಟ ಮಾಡ್ಸಲಾಕತ್ತೀರಿ?” ಎಂದು ಕೇಳಿ ತನ್ನ ಮೊಮ್ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಕುರಿಯರ್ ಅಂಗಡಿಯಲ್ಲಿ ಇನ್ನೊಂದು ಪ್ರಸಂಗ. “ಇದ್ರಾಗ ಏನದ ಸರ್?” ಎಂದ ಹುಡುಗ. ಎಂಜಲು ಎಂದೆ. ಆತ ಡಬ್ಬಿಯಿಂದ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. “ಪಾತಳ ಸಾಮಾನು ಒಯ್ಯಂಗಿಲ್ಲ ಸರ್.” ಒಂದು ಚಹಾ ಹೊತ್ತು ವಾದ ಮಾಡಿದ ಮೇಲೆ ಚೀಟಿಯಲ್ಲಿ ‘ಮನೆತನದ ಕಾಗದಪತ್ರ’ ಎಂದು ಬರೆದು ಕಳಿಸಿದೆವು.

ವರದಿಗೆ ಕಾಯುವ ದಿನಗಳಲ್ಲಿ ನಾನು ಸುಮ್ಮನಿದ್ದರೆ ಒಳ್ಳೆಯದಿತ್ತು. ಹಾದಿಯಲ್ಲಿ ಸಿಕ್ಕವರಿಗೆಲ್ಲ ರಾಖಿಗಢಿ ಹೇಳತೊಡಗಿದೆ. ಹರಿಯಾಣದ ಆ ಹರಪ್ಪಾ ಕಾಲದ ಊರಿನ ಹೆಣಗಳ ಮೂಳೆಗಳಿಂದ 61 ಮಾದರಿ ತೆಗೆದರು, ಬಿಸಿಲಿಗೆ ಡಿಎನ್‌ಎ ಉಳಿಯುವುದು ಕಷ್ಟ, ಒಬ್ಬಳೇ ಹೆಂಗಸಿನ ಕಿವಿಯ ಹತ್ತಿರದ ಗಟ್ಟಿ ಮೂಳೆಯಲ್ಲಿ ಸಿಕ್ಕಿತು, ವಸಂತ ಶಿಂಧೆ, ನೀರಜ್ ರೈ ಮುಂತಾದವರು 2019ರಲ್ಲಿ ಅದನ್ನು ಪ್ರಕಟಿಸಿದರು, ಆಕೆಯಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನ ದನಗಾಹಿಗಳ ಅಂಶ ಇರಲೇ ಇಲ್ಲ, ಅದು ನಮ್ಮ ದೇಶದ ಜನರಲ್ಲಿ ಸೇರಿದ್ದು ಆ ಮೇಲಿನ ಶತಮಾನಗಳಲ್ಲಿ, ಹೀಗೆ. ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯವನು ಎಲ್ಲ ಕೇಳಿ, “ನಾಕೂವರೆ ಸಾವಿರ ವರ್ಷದ ಹಿಂದಿನ ಹೆಣ್ಮಗಳ ಸುದ್ದಿ ಹೇಳ್ತೀರಿ, ಹ್ವಾದ ತಿಂಗಳ ಬಾಕಿ ಮರ್ತೀರಿ” ಎಂದ.

ಕಡೆಗೆ ವರದಿ ಮೊಬೈಲಿಗೆ ಬಂತು. ಬಣ್ಣಬಣ್ಣದ ಚಕ್ರ. ಅದರ ಬಹುಪಾಲು ದಕ್ಷಿಣ ಭಾರತದ ಬಣ್ಣ, ಒಂದಿಷ್ಟು ಉತ್ತರದ್ದು. ನಾನು ಅವನ್ನು ನೋಡಲೇ ಇಲ್ಲ. ಚಕ್ರದ ಅಂಚಿನಲ್ಲಿ ಸಣ್ಣದೊಂದು ಹಸಿರು ಚೂರು ಇತ್ತು. ಇರಾನ್, ಶೇಕಡಾ 3.

ಸೇನಾಪತಿ ಆ ಕ್ಷಣವೇ ಬಿದ್ದುಹೋದ. ಚಾಲುಕ್ಯರ ಸೈನ್ಯದಲ್ಲಿ ಸೇನಾಪತಿಗಳು ನೂರೆಂಟು ಇದ್ದಾರು, ಗಾವಾನ್ ಒಬ್ಬನೇ. ಆ ವಾರದಿಂದ ನಾನು ಇರಾನಿಯಾದೆ. ಬೆಳಗಿನ ವಾಯುವಿಹಾರವನ್ನು ಗಾವಾನನ ಮದರಸಾದ ಕಡೆಗೆ ತಿರುಗಿಸಿ, 1472ರ ಆ ಕಟ್ಟಡದ ಉಳಿದ ಒಂದೇ ಮಿನಾರಿನ ನೀಲಿ ಹೆಂಚುಗಳನ್ನು ಮನೆಯ ಗೋಡೆ ನೋಡುವವನಂತೆ ನೋಡತೊಡಗಿದೆ. ನೌಬಾದಿನ ಕರೇಜ್ ಎಂಬ ನೀರಿನ ಸುರಂಗದ ಬಾಯಲ್ಲಿ ನಿಂತು ಪ್ರವಾಸಿಗರಿಗೆ “ಇದು ನಮ್ಮವರ ವಿದ್ಯೆ” ಎಂದೆ. ಮನೆಯಲ್ಲಿ ಚಹಾಕ್ಕೆ ಹಾಲು ಬೇಡವೆಂದೆ. ಮನೆಯವಳು ಸಂತೋಷದಿಂದ ಒಪ್ಪಿದಳು, ಹಾಲಿನ ಖರ್ಚು ಉಳಿಯಿತು.

ಬಿದ್ರಿ ಅಂಗಡಿಗೆ ಹೋಗಿ ಹುಕ್ಕಾ ಬೆಲೆ ಕೇಳಿದ್ದು ಅದೇ ಅಮಲಿನಲ್ಲಿ. ಹಿರಿಯ ಕಸುಬುದಾರರು ಸತು–ತಾಮ್ರದ ಹೂಜಿಯ ಮೇಲೆ ಉಳಿಯಿಂದ ಬಳ್ಳಿ ಕೊರೆದು, ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಿದ್ದರು. ನಾನೂ ಇರಾನಿನವನೇ ಎಂದು ಸೂಚಿಸಿದೆ. ಅವರು ತಲೆ ಎತ್ತಲಿಲ್ಲ. ತಮ್ಮ ಕಸುಬೂ ಅಲ್ಲಿಂದಲೇ ಬಂದದ್ದೆಂದು ಹಿರಿಯರು ಹೇಳುತ್ತಾರೆ, ಇರಬಹುದು ಎಂದರು. ಆಮೇಲೆ ಪಕ್ಕದ ಡಬ್ಬಿಯಿಂದ ಒಂದು ಚಿಟಿಕೆ ಮಣ್ಣು ತೆಗೆದು ಅಂಗೈಗೆ ಹಾಕಿ ತೋರಿಸಿದರು. ಕೋಟೆಯೊಳಗಿನ ಹಳೇ ಮಣ್ಣು. ಇದನ್ನು ನವಸಾಗರದ ಜೊತೆ ಕುದಿಸಿ ಹಚ್ಚದಿದ್ದರೆ ಲೋಹ ಕಪ್ಪಾಗುವುದಿಲ್ಲ, ಲೋಹ ಕಪ್ಪಾಗದಿದ್ದರೆ ಬೆಳ್ಳಿ ಕಾಣುವುದಿಲ್ಲ. “ಇರಾನ್ ಸೇ ಆಯೇ ಸೋ ಆಯೇ ಮಾಸ್ಟರ್ ಸಾಬ್, ಮಗರ್ ರಂಗ್ ತೋ ಯಹೀಂ ಕಾ ಚಢ್ಯಾ ನಾ?” ಎಂದರು. ಹುಕ್ಕಾದ ಬೆಲೆ ಕೇಳಿದ ಮೇಲೆ ನನ್ನೊಳಗಿನ ಇರಾನ್ ಶೇಕಡಾ ಒಂದಕ್ಕೆ ಇಳಿಯಿತು. ಒಂದು ಕೀಲಿಕೈ ಗೊಂಚಲು ಕೊಂಡು ಬಂದೆ.

ಗಾವಾನನ ಸಂಬಂಧ ಹಚ್ಚಿಕೊಳ್ಳುವವನು ಅವನ ಕೊನೆಯನ್ನೂ ನೆನೆಯಬೇಕಿತ್ತು. ಬೀದರ್ ದರ್ಬಾರಿನಲ್ಲಿ ಹೊರಗಿನಿಂದ ಬಂದ ಆಫಾಕಿಗಳು, ಇಲ್ಲಿಯವರೆನ್ನುವ ದಖ್ಖನಿಗಳು ಎಂದು ಎರಡು ಬಣ. ಇಲ್ಲಿಯವರೆಂದು ಕೂಗುತ್ತಿದ್ದವರಲ್ಲಿ ಅನೇಕರ ಹಿರಿಯರು ದಿಲ್ಲಿ ಕಡೆಯಿಂದ ಒಂದು ನೂರು ವರ್ಷ ಮೊದಲು ಬಂದವರು, ಮೊದಲು ಬಂದದ್ದೇ ಅವರ ಹಕ್ಕು. ಗಾವಾನನ ಮೊಹರನ್ನು ಮೋಸದಿಂದ ಹಾಕಿಸಿಕೊಂಡು, ಒರಿಸ್ಸಾದ ರಾಜನಿಗೆ ಬರೆದಂತೆ ಖೊಟ್ಟಿ ಪತ್ರ ಹುಟ್ಟಿಸಿ, ಕುಡಿದ ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಆ ಮುದಿ ವಜೀರನ ತಲೆ ಹೋಯಿತು. ಮೂಲನಿವಾಸಿ ಯಾರೆಂಬ ಜಗಳದಲ್ಲಿ ಈ ಊರು ತನ್ನ ಅತ್ಯಂತ ಬುದ್ಧಿವಂತನನ್ನೇ ಕಳಕೊಂಡಿತು. ಇದನ್ನು ನಾನು ಇಪ್ಪತ್ತೈದು ವರ್ಷ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದಿದ್ದೇನೆ, ಹುಡುಗರು ಬರೆದುಕೊಂಡಿದ್ದಾರೆ.

ಇರಾನಿಯಾಗಿದ್ದಾಗಲೇ ಔರಾದಿನ ಕಡೆಯ ಲಂಬಾಣಿ ತಾಂಡಾವೊಂದಕ್ಕೆ ನನ್ನನ್ನು ಭಾಷಣಕ್ಕೆ ಕರೆದರು. ಕರೆದದ್ದು ನನ್ನ ಹಳೇ ವಿದ್ಯಾರ್ಥಿ, ವಿಷಯ ಮಕ್ಕಳ ಓದು. ನಾನು ಓದನ್ನು ಎರಡು ವಾಕ್ಯದಲ್ಲಿ ಮುಗಿಸಿ ವಲಸೆಗೆ ಜಿಗಿದೆ. ಯುರೋಪಿನಲ್ಲಿ ರೋಮಾ ಎಂಬ ಅಲೆಮಾರಿ ಮೂಲದ ಜನ ಇದ್ದಾರೆ, ಅವರು ಸುಮಾರು 1,500 ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರೆಂದು ಡಿಎನ್‌ಎ ಹೇಳುತ್ತದೆ, ಲಂಬಾಣಿಗರಿಗೂ ಅವರಿಗೂ ನಂಟಿದೆ ಎಂದು ಬಹಳ ಜನ ಹೇಳುತ್ತಾರೆ, ರೋಮಾ ಗಂಡಸರಲ್ಲಿ ಎದ್ದು ಕಾಣುವ ವೈ ಕ್ರೋಮೋಸೋಮಿನ ತಂದೆಗೆರೆ ಎಚ್-ಎಂ82, ಇದನ್ನು 2012ರಲ್ಲಿ ನಮ್ಮ ಹೈದರಾಬಾದಿನವರೇ ಬರೆದರು, ಎಂದು ಒಂದೇ ಉಸುರಿಗೆ ಹೇಳಿದೆ. ನಿಮ್ಮ ಅಣ್ಣತಮ್ಮಂದಿರು ಸ್ಪೇನಿನಲ್ಲಿ ಕುಣಿಯುತ್ತಿದ್ದಾರೆ ಎಂದು ಮುಗಿಸಿದಾಗ ಚಪ್ಪಾಳೆ ಬಿತ್ತು.

ಊಟಕ್ಕೆ ಕೂತಾಗ ಬೀದರಿನಲ್ಲಿ ಬಿಎಸ್ಸಿ ಓದುವ ಒಬ್ಬ ಹುಡುಗಿ ಬಂದು, “ಸರ್, ನಿಮ್ದು ರಿಪೋರ್ಟ್ ಅದ ಅಂದ್ರಲ್ಲ, ನೋಡ್ಲಾ?” ಎಂದಳು. ಹಸಿರು ಚೂರು ನೋಡಲೆಂದು ಹಿಗ್ಗಿನಿಂದ ಮೊಬೈಲ್ ಕೊಟ್ಟೆ. ಅವಳು ಚಕ್ರವನ್ನು ದಾಟಿ ಕೆಳಗೆ ಕೆಳಗೆ ಸರಿಸುತ್ತ ಹೋದಳು. ಅಲ್ಲಿ ಇನ್ನೂ ಪುಟಗಳಿದ್ದವೆಂದು ನನಗೆ ಆಗಲೇ ಗೊತ್ತಾದದ್ದು.

“ಸರ್, ನಿಮ್ಮ ತಾಯಿಗೆರಿ ಎಂ ಅದ.”

ಅದರಲ್ಲಿ ವಿಶೇಷವಿಲ್ಲವೆಂದು ವಿವರಿಸಿದೆ. ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ, ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ಜನರದು ಎಂ ಗುಂಪೇ, ಆಫ್ರಿಕಾ ಬಿಟ್ಟ ಮೊದಲ ಜನರ ಜೊತೆ ಬಂದ ಬಹಳ ಹಳೆಯ ಗೆರೆಯ ಕವಲುಗಳು.

“ತಂದಿಗೆರಿ,” ಎಂದು ಅವಳು ತಡೆದು, ಇನ್ನೊಮ್ಮೆ ಓದಿ, ನಗು ತಡೆಯಲು ತುಟಿ ಕಚ್ಚಿಕೊಂಡು ಹೇಳಿದಳು, “ಎಚ್-ಎಂ82.”

ಪಂಕ್ತಿಯಲ್ಲಿ ಯಾರೂ ರೊಟ್ಟಿ ಮುರಿಯಲಿಲ್ಲ. ಎದುರಿಗೆ ಕೂತಿದ್ದ ತಾಂಡಾದ ನಾಯಕರು, ಬಿಳಿ ಪೇಟದ ಹಿರಿಯರು, ನಿಧಾನವಾಗಿ ಕೇಳಿದರು, “ಅಂದ್ರ ಸ್ಪೇನ್‌ದಾಗ ಕುಣಿಲಾಕತ್ತವರು ನಿಮ್ಮ ಅಣ್ತಮ್ಮದೇರಾ ಗುರುಗಳೇ?”

ಆ ಗೆರೆ ಭಾರತದ ಉದ್ದಗಲಕ್ಕೂ ಇದೆ, ದಕ್ಷಿಣದಲ್ಲೂ ಸಾಕಷ್ಟಿದೆ, ಸಾವಿರಾರು ವರ್ಷದ ಹಿಂದಿನ ಒಬ್ಬ ಮುತ್ಯಾನಿಂದ ಕವಲೊಡೆದದ್ದು, ಅದರಲ್ಲಿ ಒಂದು ಟಿಸಿಲು ಮಾತ್ರ ಯುರೋಪಿಗೆ ಹೋಯಿತು ಎಂದು ನಾನು ವಿವರಿಸುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡಿದ್ದರು. ಕಾರಭಾರಿ ಎದ್ದು ಬಂದು ನನ್ನ ತಾಟಿಗೆ ಇನ್ನೊಂದು ಸೌಟು ಬಡಿಸಿದ. “ಮನಿಯವರಾದ್ರಿ, ಈಗ ನಾಚಬ್ಯಾಡ್ರಿ,” ಎಂದ.

ಊಟವಾದ ಮೇಲೆ ನಾಯಕರು ತಮ್ಮ ಕೊಟ್ಟಿಗೆ ತೋರಿಸಿದರು. ಬಿಳಿ ಮೈಯ, ಕರಿ ಮೋರೆಯ ವನ್ನೇರಾ ಎತ್ತು, ಪಕ್ಕದಲ್ಲಿ ಬಿಳಿಯ ಮೇಲೆ ಕರಿ ಮಚ್ಚೆಯ ಶೇವರಾ, ಎರಡೂ ನಮ್ಮ ಕಡೆಯ ದೇವಣಿ ತಳಿ. ಗೀರ್ ದನ, ಡಾಂಗಿ ದನ, ಊರ ದನ ಮೂರೂ ಕೂಡಿ ಆದ ತಳಿ ಇದು ಎಂದು ಪಶುವೈದ್ಯರು ಹೇಳುತ್ತಾರೆ. ನಾಯಕರು ಎತ್ತಿನ ಭುಜ ತಟ್ಟಿ, “ಇದಕ್ಕ ಮೂರು ಕಡಿ ರಕ್ತ ಅದ ಅಂದ್ರ ಸಂತ್ಯಾಗ ರೇಟ್ ಏರ್ತದ. ನಿಮಗ ಮಾತ್ರ ಒಬ್ಬನೇ ಮುತ್ಯಾ ಬೇಕು,” ಎಂದರು. ಅವರ ಹಿರಿಯರು ಮೊಗಲರ ದಂಡಿನ ಹಿಂದೆ ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ದಖ್ಖನಿಗೆ ಇಳಿದವರಂತೆ. ನಮ್ಮ ಸೇನಾಪತಿಯ ಸುದ್ದಿ ಹೇಳಿದ್ದಕ್ಕೆ, “ಅವನ ಕುದುರಿಗಿ ಕಡ್ಲಿ ನಾವೇ ಕೊಟ್ಟಿರಬೇಕು, ಬಾಕಿ ಅದನೋ ಏನೋ ನೋಡ್ರಿ,” ಎಂದರು. ಎರಡು ಕಾಲಗಳ ನಡುವೆ ಐನೂರು ವರ್ಷದ ಅಂತರವಿತ್ತು. ಆದರೂ ಕಾಕಾನ ಇತಿಹಾಸಕ್ಕಿಂತ ಇದೇ ಗಟ್ಟಿ ಎನ್ನಿಸಿತು. ತಾಂಡಾದ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಗಂಡಸರು ಹೆಂಗಸರು ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಹೋಗಿದ್ದರು, ಕೆಲವರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ. ವಲಸೆಯ ಮೇಲೆ ಭಾಷಣ ಮಾಡುವಾಗ ಆ ಬೀಗಗಳು ನನ್ನ ಬೆನ್ನ ಹಿಂದಿದ್ದವು.

ರಾತ್ರಿ ಮನೆಗೆ ಬಂದು ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ತಂದೆ ತಾಯಿ ಇಬ್ಬರು, ಅಜ್ಜ ಅಜ್ಜಿ ನಾಲ್ವರು, ಹತ್ತು ತಲೆಮಾರು ಹಿಂದೆ 1,024 ಜನ. ವಿಕ್ರಮಾದಿತ್ಯನ ಕಾಲಕ್ಕೆ ಹೋಗಲು ಕಡಿಮೆಯೆಂದರೂ ಮೂವತ್ತು ತಲೆಮಾರು. ಅಲ್ಲಿ ನನಗೆ ಬೇಕಾಗುವ ಪೂರ್ವಿಕರು 107 ಕೋಟಿ! ಆಗ ಇಡೀ ಲೋಕದ ಜನ ಸೇರಿಸಿದರೂ ಅದರ ಅರ್ಧವಿರಲಿಲ್ಲ. ಅಂದರೆ ಅದೇ ಮುತ್ಯಾ ಅದೇ ಆಯಿ ಸಾವಿರ ದಾರಿಯಿಂದ ಸಾವಿರ ಸಲ ನನ್ನ ಅಜ್ಜ ಅಜ್ಜಿಯಾಗಿದ್ದಾರೆ. ಸೇನಾಪತಿಗೆ ಮಕ್ಕಳುಮರಿ ಉಳಿದಿದ್ದರೆ ಆತ ನನ್ನ ಪೂರ್ವಿಕನಾಗಿರುವುದು ಹೆಚ್ಚುಕಡಿಮೆ ಖಂಡಿತ. ಅವನ ಕುದುರೆಗೆ ನೀರು ತೋರಿಸಿದವನೂ ಹೌದು, ಅವನ ಅಡುಗೆಯವನೂ ಹೌದು, ಅವನು ಕೊಳ್ಳೆ ಹೊಡೆದ ಊರಿನ ರೈತನೂ ಹೌದು. ಸೇನಾಪತಿ ಸಿಗಲಿಲ್ಲವೆನ್ನುವ ಹಾಗಿಲ್ಲ, ಭಾಲ್ಕಿ ತಾಲ್ಲೂಕಿನ ಪ್ರತಿಯೊಬ್ಬನಿಗೂ ಸಿಕ್ಕಿದ್ದಾನೆ. ಇನ್ನೊಂದು ಪೇಚು ಇದೆ. ಪ್ರತಿ ತಲೆಮಾರಿಗೂ ಅರ್ಧರ್ಧ ಹಂಚಿಹೋಗುವ ಡಿಎನ್‌ಎಯಲ್ಲಿ ಅಷ್ಟು ಹಿಂದಿನ ಪೂರ್ವಿಕರಲ್ಲಿ ಬಹುತೇಕರ ಒಂದು ತುಣುಕೂ ನಮ್ಮ ಮೈಯಲ್ಲಿ ಉಳಿದಿರುವುದಿಲ್ಲ. ಆತ ನನ್ನ ಮುತ್ಯಾ ಹೌದು, ನನ್ನ ಎಂಜಲಲ್ಲಿ ಮಾತ್ರ ಇಲ್ಲ.

ಅಷ್ಟರಲ್ಲಿ ಮನೆಯವಳ ವರದಿಯೂ ಬಂತು. ಅದರಲ್ಲಿ ‘ನಿಮ್ಮ ಹತ್ತಿರದ ಬಂಧುಗಳು ಸಿಕ್ಕಿದ್ದಾರೆ’ ಎಂಬ ಸಂಭ್ರಮದ ಸಾಲು, ತೆರೆದರೆ ನನ್ನ ಹೆಸರು. ಅಣ್ಣತಂಗಿಯರ ಮಕ್ಕಳು ಹಂಚಿಕೊಳ್ಳುವಷ್ಟು ಡಿಎನ್‌ಎ, ಅಂದರೆ ಶೇಕಡಾ ಹನ್ನೆರಡೂವರೆಯ ಮೇಲೆ, ನಮ್ಮಿಬ್ಬರಲ್ಲೂ ಒಂದೇ ಇತ್ತು. ಅವಳು ನನ್ನ ಸೋದರತ್ತೆಯ ಮಗಳು. ಅದನ್ನು ಲಗ್ನಪತ್ರಿಕೆಯಲ್ಲಿ ಪುಕ್ಕಟೆ ಅಚ್ಚು ಹಾಕಿಸಿದ್ದೆವು. “ಏನ್ರೀ, ಇದಕ್ಕೂ ರೊಕ್ಕ ಕೊಟ್ರಾ?” ಎಂದಳು. ಉತ್ತರ ಕೊಡುವ ಧೈರ್ಯ ಆಗಲಿಲ್ಲ.

ಆದರೆ ಇಡೀ ವರದಿಯಲ್ಲಿ ಮನುಷ್ಯನಿಗೆ ಉಪಯೋಗಕ್ಕೆ ಬರುವ ಪುಟ ಅದೇ. ಶತಮಾನಗಟ್ಟಲೆ ತಮ್ಮೊಳಗೇ ಹೆಣ್ಣು ಕೊಟ್ಟು ತಂದರೆ ಹಳೆಯ ಒಂದು ದೋಷ ಒಳಗೊಳಗೇ ಗಟ್ಟಿಯಾಗುತ್ತದೆ. ವೈಶ್ಯ ಸಮುದಾಯದಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧವನ್ನು ಕರಗಿಸುವ ಕಿಣ್ವವೇ ಕಡಿಮೆ, ಅರಿವಳಿಕೆಯ ನಂತರ ಉಸಿರು ಬೇಗ ಮರಳುವುದಿಲ್ಲ. ಅದಕ್ಕೇ ಅರಿವಳಿಕೆ ಕೊಡುವ ಅನುಭವಿ ಡಾಕ್ಟರು ನೀವು ಯಾವ ಪೈಕಿ ಎಂದು ಕೇಳಿದರೆ ಸಿಟ್ಟಾಗಬಾರದು. 2017ರ ಒಂದು ದೊಡ್ಡ ಅಧ್ಯಯನ ದಕ್ಷಿಣ ಏಷ್ಯಾದಲ್ಲಿ ಹೀಗೆ ಕೆಲವೇ ಪೂರ್ವಿಕರಿಂದ ಬೆಳೆದು ಬಿಗಿಯಾಗಿ ಉಳಿದ 81 ಗುಂಪುಗಳನ್ನು ಗುರುತಿಸಿತು, ಅವುಗಳಲ್ಲಿ 14ರ ಜನಸಂಖ್ಯೆ ಹತ್ತು ಲಕ್ಷಕ್ಕೂ ಮೇಲೆ. ಮದುವೆಗೆ ಮೊದಲು ರಕ್ತ ಪರೀಕ್ಷೆ ಮಾಡಿಸುವುದರ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಈ ಮಧ್ಯೆ ಕಂಪನಿಯವರು ತಮ್ಮ ಹೋಲಿಕೆಯ ಮಾದರಿಗಳನ್ನು ಹೆಚ್ಚಿಸಿಕೊಂಡೆವೆಂದು ವರದಿ ತಿದ್ದಿ ಕಳಿಸಿದರು. ಹಸಿರು ಚೂರು ಮಾಯವಾಗಿತ್ತು. ಇರಾನ್ ಸೊನ್ನೆ! ಹಾಗೆ ನೋಡಿದರೆ ಇರಾನಿನ ಹಳೆಯ ಜನರ ಜೊತೆ ಕವಲೊಡೆದ ಒಂದು ಅಂಶ ಹರಪ್ಪಾದವರಲ್ಲೇ ಹೇರಳವಾಗಿತ್ತು, ಅದು ಬೇಸಾಯ ಹುಟ್ಟುವುದಕ್ಕೂ ಮುಂಚಿನದು, ಮದರಸಾದ ಮುಂದೆ ಸೀತಾಫಲ ಮಾರುವವಳಲ್ಲೂ ಇದೆ, ಅದಕ್ಕೆ ಗಾವಾನ್ ಬೇಕಾಗಿಲ್ಲ. ಮರುದಿನದಿಂದ ಚಹಾಕ್ಕೆ ಹಾಲು ಕೇಳಿದೆ. ಸಿಗಲಿಲ್ಲ.

ಭಾಲ್ಕಿಗೆ ಹೋಗಿ ಎಲ್ಲ ಹೇಳಿದೆ. ಕಾಕು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡು, “ಗಂಡಸರು ಎಲ್ಲಿಂದ ಬಂದ್ರು ಅಂತ ಹುಡುಕ್ತೀರಿ. ಈ ಮನ್ಯಾಗ ಹುಟ್ಟಿದ ಗಂಡಸು ಒಬ್ಬನೂ ಎಲ್ಲಿಂದೂ ಬಂದಿಲ್ಲ. ನಾ ಉದಗೀರ್‌ದಿಂದ ಬಂದಾಕಿ, ನಮ್ಮತ್ತಿ ನೀಲಂಗಾದಿಂದ, ಅವರತ್ತಿ ಕಲ್ಯಾಣದಿಂದ. ವಲಸಿ ಅಂದ್ರ ಏನಂತ ನಮಗ ಕೇಳ್ರಿ,” ಎಂದರು. ಇದನ್ನು ಹೇಳಲು ಅವರಿಗೆ ಕುರಿಯರ್ ಬೇಕಾಗಲಿಲ್ಲ.

ಕಾಕಾ ಮಾತ್ರ ಸೋಲುವ ಮನುಷ್ಯರಲ್ಲ. ಸೇನಾಪತಿಯ ಬಗ್ಗೆ ಒಂದು ಮಾತೂ ಆಡದೆ ಎಚ್ ಅಂದರೇನು, ಅದು ಯಾರಿಂದ ಯಾರಿಗೆ ಬರುತ್ತದೆ, ಎಷ್ಟು ಹಳೆಯದು ಎಂದು ನನ್ನಿಂದ ವಿವರವಾಗಿ ಕೇಳಿ ತಿಳಿದುಕೊಂಡರು. ವಿಜ್ಞಾನದಲ್ಲಿ ಅವರಿಗೆ ಆಸಕ್ತಿ ಹುಟ್ಟಿತಲ್ಲ ಎಂದು ನಾನು ಹಿಗ್ಗಿದೆ. ಅದರ ಫಲ ಕಾಣಿಸಿದ್ದು ಅವರ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ. ಸುಸಲಾ, ಭಜಿ, ಚಹಾ ಆಯಿತು. ರಕ್ತ ಪರೀಕ್ಷೆಯ ಮಾತು ಎತ್ತಲು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕಾಕಾ ತಂಬಾಕು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಗಂಭೀರವಾಗಿ ಕೇಳಿದರು.

“ಬೆಡಗು, ನಕ್ಷತ್ರ ಎಲ್ಲಾ ಇರ್ಲಿ. ನಿಮ್ಮ ತಂದಿಗೆರಿ ಯಾವುದು? ನಮ್ದು ಎಚ್. ನಿಮ್ದೂ ಎಚ್ ಇದ್ರ ಅಣ್ತಮ್ಮದೇರು ಆಗ್ತೀವಿ, ಸಂಬಂಧ ಕೂಡಂಗಿಲ್ಲ.”

ಗಂಡಿನ ತಂದೆ ತಮ್ಮ ಹೆಂಡತಿಯ ಕಡೆ ನೋಡಿದರು, ಮಗನ ಕಡೆ ನೋಡಿದರು, ಆಮೇಲೆ ವಿನಯದಿಂದ ಕೈಮುಗಿದರು.

“ಹಂಗೇನಿಲ್ರಿ ಯಜಮಾನ್ರ, ನಮ್ಮ ಮನ್ಯಾಗ ಎಲ್ಲಾರೂ ಬಿ ಪಾಜಿಟಿವ್.”

“ಪಾಜಿಟಿವ್ ಅಂದ್ರ ಚಲೋನೇ ಆಯ್ತು,” ಎಂದರು ಕಾಕಾ. “ಪಂಚಾಂಗ ತರ್ರಿ.”